ಸಭೆಯ ಮಾತನ್ನು ಒಡನೊಡನೆ ಬರೆದು ಪ್ರಕಟಿಸುವ ವಿಚಾರ

ವಿದ್ವಾಂಸರ ಸಭೆಯಲ್ಲಿ ಒಬ್ಬರು ಉಪನ್ಯಾಸ ಮಾಡುತ್ತಿರುವಾಗಲೇ, ಸಭಿಕರ ನಡುವೆ ಕುಳಿತ ಮತ್ತೊಬ್ಬರು ಆ ಮಾತಿನ ಸಾರವನ್ನು ಬರೆದು, ಉಪನ್ಯಾಸವು ಮುಗಿಯುವುದಕ್ಕೆ ಮೊದಲೇ ಅದನ್ನು ಅಂತರ್ಜಾಲದ ಮೂಲಕ ಹೊರಗಿನವರಿಗೆ ತಲಪಿಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ನಮ್ಮಲ್ಲಿಯೂ ರೂಢಿಗೆ ಬಂದಿದೆ. ಇದಕ್ಕೆ ಕನ್ನಡದಲ್ಲಿ ನಿಶ್ಚಿತವಾದ ಒಂದು ಹೆಸರು ಇನ್ನೂ ನೆಲೆಗೊಂಡಿಲ್ಲ. ಪ್ರಕೃತ ಲೇಖನದಲ್ಲಿ ಸೌಕರ್ಯಕ್ಕಾಗಿ ಇದನ್ನು ‘ಒಡನೆಬರಹ’ವೆಂದು ಕರೆಯುತ್ತೇನೆ. ಹಿರಿಯರಲ್ಲಿ ಕೆಲವರು ಇದನ್ನು ಸಭಾಮರ್ಯಾದೆಗೆ ಭಂಗವೆಂದು ತಿಳಿಯುತ್ತಾರೆ; ಕಿರಿಯರಲ್ಲಿ ಅನೇಕರು ಇದಕ್ಕೆ ಅವಕಾಶವಿಲ್ಲದ ಸಭೆಯನ್ನು ಬಾಗಿಲು ಹಾಕಿಕೊಂಡ ಸಭೆಯೆಂದು ಆಕ್ಷೇಪಿಸುತ್ತಾರೆ. ಉಭಯಪಕ್ಷದವರೂ ಇದನ್ನು ಯಂತ್ರದಿಂದ ಹುಟ್ಟಿದ ಹೊಸ ಪ್ರಶ್ನೆಯೆಂದೇ ಭಾವಿಸಿರುವಂತೆ ತೋರುತ್ತದೆ. ಅದು ಹಾಗಲ್ಲವೆಂದೂ, ಸಭೆಯಲ್ಲಿ ಆಡಿದ ಮಾತನ್ನು ಯಾರು, ಯಾವಾಗ, ಎಷ್ಟು ಬರೆಯಬೇಕೆಂಬ ವಿವಾದವು ಬಹು ಹಳೆಯದೆಂದೂ, ಅದರ ಚರಿತ್ರೆಯನ್ನು ನೋಡಿದರೆ ಈಗಿನ ಲಾಭನಷ್ಟಗಳ ತೂಕವು ಸ್ವಲ್ಪ ಬೇರೆಯಾಗಿ ಕಾಣುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ನಾನು ಈ ವಿಚಾರಕ್ಕೆ ಕೈಹಾಕಿದ ಕಾರಣವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾನು ಪಾಠ ಹೇಳಿಕೊಂಡಿರುವುದು ಸಕಲೇಶಪುರದ ಬೆಟ್ಟಸೀಮೆಯ ಹೆತ್ತೂರಿನಲ್ಲಿ. ಇಲ್ಲಿ ಮಳೆಗಾಲವೆಂಬುದು ಕ್ಯಾಲೆಂಡರಿನ ಮಾತಲ್ಲ. ಆಷಾಢ ಶ್ರಾವಣಗಳಲ್ಲಿ ಮರ ಬಿದ್ದು ದಾರಿ ನಿಂತರೆ ಹಾಸನವೂ ದೂರದೇಶವಾಗುತ್ತದೆ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಒಂದು ವಿಚಾರಗೋಷ್ಠಿ ನಡೆದರೆ, ಅದರ ಪ್ರಬಂಧಸಂಪುಟವು ಅಚ್ಚಾಗಿ ನಮ್ಮ ಕೈಸೇರುವ ಹೊತ್ತಿಗೆ ಎರಡು ಮೂರು ವರ್ಷಗಳಾಗಿರುತ್ತವೆ. ಎಷ್ಟೋ ವೇಳೆ ಅದು ಅಚ್ಚೇ ಆಗುವುದಿಲ್ಲ. ಹೀಗಿರಲಾಗಿ, ಒಂದು ಜುಲೈ ತಿಂಗಳಲ್ಲಿ ಮೈಸೂರಿನಲ್ಲಿ ಹಾಸನಸೀಮೆಯ ಶಾಸನಗಳನ್ನು ಕುರಿತು ಉಪನ್ಯಾಸ ನಡೆಯುತ್ತಿದ್ದಾಗ, ಅಲ್ಲಿ ಕುಳಿತ ಮಿತ್ರರೊಬ್ಬರು ಅದರ ಸಾರವನ್ನು ಮಾತುಮಾತಿಗೂ ಬರೆದು ಕಳುಹಿಸುತ್ತಿದ್ದರು. ನಮ್ಮ ಊರಿನಲ್ಲಿ ಫೋನಿಗೆ ಸಂಕೇತ ಸಿಕ್ಕುವುದು ರಸ್ತೆಯ ಒಂದು ತಿರುವಿನಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತು ಓದುತ್ತಿದ್ದೆನು. ಉಪನ್ಯಾಸಕರು ಶಾಸನಗಳ ‘ಖಂಡುಗ’, ‘ಸಲಗೆ’ಗಳ ಮಾತನ್ನೆತ್ತಿದರು. ಗದ್ದೆಯನ್ನು ಖಂಡುಗದಲ್ಲಿ ಹೇಳಿದಾಗ ಅದು ಬೆಳೆಯ ಅಳತೆಯೋ ಬಿತ್ತನೆಯ ಅಳತೆಯೋ ಎಂದು ನಾನು ಅಲ್ಲಿಂದಲೇ ಬರೆದು ಕೇಳಿದೆನು. ನಮ್ಮ ಕಡೆಯ ಹಿರಿಯ ಒಕ್ಕಲಿಗರು ಈಗಲೂ ‘ಹತ್ತು ಖಂಡುಗದ ಗದ್ದೆ’ ಎಂದರೆ ಬೀಜವರಿಯನ್ನೇ ಹೇಳುತ್ತಾರೆಂಬುದನ್ನೂ ಸೇರಿಸಿದೆನು. ಮಿತ್ರರು ಅದನ್ನು ಸಭೆಯಲ್ಲಿ ಓದಿದರು. ಉಪನ್ಯಾಸಕರು ಬೀಜವರಿಯ ಅರ್ಥವನ್ನೇ ಒಪ್ಪಿ, ಇನ್ನೆರಡು ಶಾಸನಗಳನ್ನು ಅದಕ್ಕೆ ಹೊಂದಿಸಿ ಹೇಳಿದರು. ಮಳೆಯಲ್ಲಿ ನಿಂತ ಹಳ್ಳಿಯ ಮೇಷ್ಟರೊಬ್ಬನು ಮೈಸೂರಿನ ಸಭೆಯಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆದದ್ದು ನನ್ನ ಮಟ್ಟಿಗೆ ಸಾಮಾನ್ಯವಾದ ಲಾಭವಲ್ಲ. ಇದರ ಇನ್ನೊಂದು ಮುಖವನ್ನೂ ನಾನು ಕಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿಯೇ ಒಂದು ಸಭೆಯ ವರದಿಯುಂಟು. ಅದು ಬರೆದದ್ದು ಕಲ್ಲಿನ ಮೇಲೆ. ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ಧರ್ಮಶಾಸನವೆಂದು ಎಲ್ಲರೂ ಬಲ್ಲರು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಜೈನರು ರಾಯನಲ್ಲಿ ಬಿನ್ನೈಸಿಕೊಂಡದ್ದು, ಆಚಾರ್ಯರೂ ಸಮಯಿಗಳೂ ನೆರೆದದ್ದು, ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಈ ದರ್ಶನಕ್ಕೂ ಆ ದರ್ಶನಕ್ಕೂ ಭೇದವಿಲ್ಲವೆಂದು ತೀರ್ಪು ಕೊಟ್ಟದ್ದು, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ ಬೆಳಗೊಳದಲ್ಲಿ ಇಪ್ಪತ್ತು ಮಂದಿ ಕಾವಲಾಳುಗಳನ್ನಿಡುವಂತೆ ಏರ್ಪಟ್ಟದ್ದು ಇವೆಲ್ಲವೂ ಅದರಲ್ಲಿವೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಕಲ್ಲಿಗೆ ಏರಿದ್ದು ಏನು, ಏರದೆ ಉಳಿದದ್ದು ಏನು ಎಂಬುದು. ಬಿನ್ನಹವಿದೆ, ತೀರ್ಪಿದೆ, ರಾಯನ ಕೈ ಹಿಡಿದ ಅಭಿನಯವೂ ಇದೆ. ಎರಡು ಪಕ್ಷದವರೂ ನಡುವೆ ಏನೇನು ವಾದ ಮಾಡಿದರು, ಯಾರು ಯಾವ ಮಾತಿಗೆ ಸಿಟ್ಟಾದರು, ಯಾರು ಯಾವ ಮಾತನ್ನು ಹಿಂದಕ್ಕೆ ತೆಗೆದುಕೊಂಡರು ಎಂಬುದೊಂದೂ ಇಲ್ಲ. ಅದನ್ನೆಲ್ಲ ಆಗಲೇ ಬರೆದು ಊರೂರಿಗೆ ಹರಡುವ ಸಾಧನವಿದ್ದಿದ್ದರೆ ಆ ಕೈಗಳು ಕೂಡುತ್ತಿದ್ದುವೇ ಎಂದು ನಾನು ಅನೇಕ ವೇಳೆ ಯೋಚಿಸಿದ್ದೇನೆ. ಚರಿತ್ರಕಾರನಿಗೆ ನಷ್ಟವಾದದ್ದು ಆ ಕಾಲದ ಜನಕ್ಕೆ ಲಾಭವಾಗಿದ್ದಿರಬಹುದು.

ಇದಕ್ಕೆ ತೀರ ಬೇರೆಯಾದ ಉದಾಹರಣೆಯು ಕಲ್ಯಾಣದ ಶರಣರದು. ಹನ್ನೆರಡನೆಯ ಶತಮಾನದ ಆ ಗೋಷ್ಠಿಯಲ್ಲಿ ಹೊರಟ ಮಾತನ್ನು ಬರೆದು ಕಾಪಾಡುವುದಕ್ಕೆಂದೇ ಒಬ್ಬನಿದ್ದನೆಂದು ಸಂಪ್ರದಾಯವು ಹೇಳುತ್ತದೆ. ಅವನು ವಚನಭಂಡಾರಿ ಶಾಂತರಸ. ಸ್ವತಃ ವಚನಕಾರನಾದ ಅವನ ಅಂಕಿತವು ‘ಅಲೇಖನಾಥ’ನೆಂದು ಮೊದಲಾಗುತ್ತದೆ. ಬರೆದಿಡುವುದೇ ಕಾಯಕವಾಗಿದ್ದವನು ಬರಹಕ್ಕೆ ಸಿಕ್ಕದವನನ್ನು ತನ್ನ ದೈವವಾಗಿ ಆರಿಸಿಕೊಂಡನು. ಇದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ವರದಿಗಾರನ ಕಷ್ಟವನ್ನು ಬಲ್ಲವನೇ ಇಂಥ ಅಂಕಿತವನ್ನಿಟ್ಟುಕೊಂಡಾನು. ಆದರೂ ಅನುಭವಮಂಟಪದ ಚರ್ಚೆಯೆಂದು ನಾವು ಇಂದು ಓದುವುದು ಅಲ್ಲಿ ಕುಳಿತು ಬರೆದದ್ದಲ್ಲ. ಶೂನ್ಯಸಂಪಾದನೆಯನ್ನು ಮೊದಲು ಜೋಡಿಸಿದ ಶಿವಗಣಪ್ರಸಾದಿ ಮಹಾದೇವಯ್ಯನು ಸುಮಾರು ಮುನ್ನೂರು ವರ್ಷ ಈಚಿನವನು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಇವರು ಆ ಗ್ರಂಥವನ್ನು ಮತ್ತೆ ಪರಿಷ್ಕರಿಸಿದರು. ಬಿಡಿಬಿಡಿಯಾಗಿ ಉಳಿದು ಬಂದಿದ್ದ ವಚನಗಳನ್ನು ಪ್ರಶ್ನೋತ್ತರವಾಗಿ ಹೊಂದಿಸಿ, ಪ್ರಭುದೇವನ ಎದುರಿಗೆ ಒಬ್ಬೊಬ್ಬರನ್ನು ತಂದು ನಿಲ್ಲಿಸಿದ ಕೌಶಲವು ಇವರದು. ಸಭೆಯ ಸಾಕ್ಷಾತ್ ವರದಿಯೆಂದು ಎಣಿಸಿದರೆ ಅದಕ್ಕೆ ಬೆಲೆಯಿಲ್ಲ. ಸಭೆಯ ಅರ್ಥವೇನೆಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಉತ್ತರವು ಕನ್ನಡದಲ್ಲಿಲ್ಲ. ಕ್ಷಣದಲ್ಲಿ ಬರೆದದ್ದು ನಿಜ, ತಡವಾಗಿ ಬರೆದದ್ದು ಸುಳ್ಳು ಎಂಬ ಸರಳವಾದ ನಂಬಿಕೆಯುಳ್ಳವರು ಈ ಗ್ರಂಥವನ್ನು ನೆನೆಯಬೇಕು.

ಒಡನೆ ಬರೆಯುವುದನ್ನು ಅಧಿಕಾರಸ್ಥರು ತಡೆದ ಚರಿತ್ರೆಯನ್ನು ನೋಡಬೇಕಾದರೆ ಇಂಗ್ಲೆಂಡಿನ ಪಾರ್ಲಿಮೆಂಟಿನ ಕಡೆಗೆ ಹೋಗಬೇಕು. ಅಲ್ಲಿನ ಪ್ರತಿನಿಧಿಸಭೆಯವರು ತಮ್ಮ ಚರ್ಚೆಗಳನ್ನು ಪ್ರಕಟಿಸುವುದು ಸಭೆಯ ಹಕ್ಕಿಗೆ ಭಂಗವೆಂದು 1738ರಲ್ಲಿ ನಿರ್ಣಯಮಾಡಿದರು. ಅದರ ಫಲವು ವಿಚಿತ್ರವಾಯಿತು. ಸಭೆಯಲ್ಲಿ ಕುಳಿತು ಬರೆಯುವಂತಿಲ್ಲದ್ದರಿಂದ ಮಾಸಪತ್ರಿಕೆಯೊಂದು ‘ಲಿಲಿಪುಟ್’ ದೇಶದ ಸಭೆಯ ಚರ್ಚೆಯೆಂಬ ಸೋಗಿನಲ್ಲಿ ಭಾಷಣಗಳನ್ನು ಅಚ್ಚುಮಾಡಿತು. 1740ರಿಂದೀಚೆಗೆ ಕೆಲವು ವರ್ಷ ಅವನ್ನು ಬರೆದವನು ಡಾಕ್ಟರ್ ಜಾನ್ಸನ್. ಅವನು ಸಭೆಗೆ ಹೋದದ್ದೇ ಅಪರೂಪ. ಯಾರು ಮಾತನಾಡಿದರು, ಯಾವ ಪಕ್ಷ ಹಿಡಿದರು ಎಂಬ ಅಲ್ಪಸ್ವಲ್ಪ ಸುದ್ದಿಯನ್ನು ಹಿಡಿದು ತನ್ನ ಕೋಣೆಯಲ್ಲಿ ಕುಳಿತು ಭಾಷಣಗಳನ್ನು ರಚಿಸಿದನು. ಲೋಕವು ಅವನ್ನು ನಿಜವೆಂದೇ ನಂಬಿತು. ಅದನ್ನು ಕಂಡು ಅವನೇ ಅಂಜಿ ಆ ಕೆಲಸವನ್ನು ಬಿಟ್ಟನೆನ್ನುತ್ತಾರೆ. ಎಂದರೆ ನಿಷೇಧದಿಂದ ಸಭೆಗೆ ದೊರೆತದ್ದು ಮೌನವಲ್ಲ, ಕಲ್ಪಿತಭಾಷಣ. 1771ರಲ್ಲಿ ಮುದ್ರಕರನ್ನು ಹಿಡಿಯಹೋಗಿ, ಲಂಡನ್ ನಗರದವರು ಅಡ್ಡಬಂದು, ನಗರದ ಮೇಯರನನ್ನೇ ಸೆರೆಯಲ್ಲಿಡುವವರೆಗೆ ವಿವಾದ ಬೆಳೆದು, ಕೊನೆಗೆ ಆ ನಿಷೇಧವು ತಾನಾಗಿ ಸತ್ತಿತು. ಆ ಬಳಿಕವೂ ಕೆಲಕಾಲ ಸಭೆಯೊಳಗೆ ಟಿಪ್ಪಣಿ ಬರೆದುಕೊಳ್ಳುವಂತಿರಲಿಲ್ಲ. ವಿಲಿಯಂ ವುಡ್‌ಫಾಲ್ ಎಂಬ ಪತ್ರಿಕೆಯವನು ಗಂಟೆಗಟ್ಟಲೆ ಕಣ್ಣುಮುಚ್ಚಿ ಕೇಳುತ್ತ ಕುಳಿತಿದ್ದು, ಹೊರಗೆ ಬಂದು ಎಲ್ಲವನ್ನೂ ನೆನಪಿನಿಂದ ಬರೆಯುತ್ತಿದ್ದನಂತೆ. ನಮ್ಮ ಅವಧಾನಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಾಗಲಾರದು. ಅವನನ್ನು ಹಿಂದೆ ಹಾಕಿದವನು ಜೇಮ್ಸ್ ಪೆರಿ. ಅವನು ಒಬ್ಬನಾದ ಮೇಲೊಬ್ಬನಂತೆ ವರದಿಗಾರರನ್ನು ಸರದಿಯಲ್ಲಿ ಕೂರಿಸಿದನು. ಈ ಸರದಿಯ ಪದ್ಧತಿಯೇ ನಮ್ಮ ವಿಧಾನಮಂಡಲದವರೆಗೂ ಬಂದಿದೆ.

ಮೈಸೂರಿನ ಪ್ರಜಾಪ್ರತಿನಿಧಿಸಭೆಯ ಕಥೆಯು ನಮಗೆ ಇದಕ್ಕಿಂತ ಹತ್ತಿರದ್ದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 1881ನೆಯ ಅಕ್ಟೋಬರ್ 7ರಂದು ಮೊದಲ ಸಭೆ ಸೇರಿತು. ಬಂದವರು 144 ಮಂದಿ. ತಾಲ್ಲೂಕುಗಳಿಂದ ಒಬ್ಬಿಬ್ಬರು ತಿಳಿವಳಿಕೆಯುಳ್ಳ ಜಮೀನುದಾರರೂ, ಜಿಲ್ಲೆಗಳಿಂದ ಕೆಲವರು ವರ್ತಕರೂ ಬರಬೇಕೆಂದು ಏರ್ಪಾಟು. ನಮ್ಮ ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದು ಎಂದು ಹೆಸರು. ರೈಲು ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಆದಕಾರಣ ಆ ಮೊದಲ ದಸರೆಗೆ ಈ ಬೆಟ್ಟಗಳಿಂದ ಇಳಿದು ಹೋಗುವುದೆಂದರೆ ಗಾಡಿಯಲ್ಲಿ ಹಲವು ದಿನದ ಪ್ರಯಾಣ. ಪ್ರತಿನಿಧಿಗಳಿಗೆ ಮತ ಕೊಡುವ ಅಧಿಕಾರವಿರಲಿಲ್ಲ. ಸರ್ಕಾರದ ಕಾರ್ಯಗಳನ್ನು ಕೇಳಿ, ಪ್ರಜೆಗಳ ಕುಂದುಕೊರತೆಯನ್ನು ಹೇಳಿ, ಊರಿಗೆ ಹಿಂದಿರುಗಿ ಕೇಳಿದ್ದನ್ನು ತಿಳಿಸುವುದೇ ಅವರ ಕೆಲಸ. ಆದುದರಿಂದ ಆ ಸಭೆಗೆ ವರದಿಯೆಂಬುದು ಬಾಲವಲ್ಲ, ಪ್ರಾಣ. ನಡವಳಿಯ ವರದಿಯನ್ನು ಸರ್ಕಾರದವರು ಅಚ್ಚುಮಾಡಿಸಿದರು. ಇಂದಿಗೂ ಮೈಸೂರಿನ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಬರೆಯಲಾರರು. ಆದರೆ ಅದು ಆಳುವವರ ಲೇಖನಿಯಿಂದ ಬಂದದ್ದು. ಬಿನ್ನಹ ಹೀಗೆ, ದಿವಾನರ ಉತ್ತರ ಹೀಗೆ ಎಂದು ತೊಳೆದಿಟ್ಟ ಪಾತ್ರೆಯಂತೆ ಕಾಣುತ್ತದೆ. ರೈತನು ತನ್ನ ಬಿನ್ನಹವನ್ನು ಯಾವ ಮಾತಿನಲ್ಲಿ ಹೇಳಿದನೋ ಆ ಮಾತು ಅದರಲ್ಲಿ ಸಿಕ್ಕುವುದು ದುರ್ಲಭ.

ಆ ಸಭೆಯ ಒಳಗಿನಿಂದ ಮತ್ತೊಂದು ಬರಹವುಂಟು. ಅದು ನಮ್ಮ ಬೆಟ್ಟಗಳವನದೇ. ಮಂಜರಾಬಾದಿನಲ್ಲಿ ಕಾಫಿತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ಎಂಬ ದೊರೆಯು 1894ರಲ್ಲಿ ಪ್ರಕಟಿಸಿದ ಗ್ರಂಥದ ಮುಖಪತ್ರದಲ್ಲಿ ತನ್ನದು ಮೂವತ್ತೆಂಟು ವರ್ಷದ ಅನುಭವವೆಂದು ಹೇಳಿಕೊಂಡಿದ್ದಾನೆ. ಚಿನ್ನ, ಬೇಟೆ, ಕಾಫಿ ಇವುಗಳ ಜೊತೆಗೆ ಮೈಸೂರಿನ ಪ್ರತಿನಿಧಿಸಭೆಗೂ ಅದರಲ್ಲಿ ಒಂದು ಅಧ್ಯಾಯವಿದೆ. ಅವನು ಆ ಸಭೆಯಲ್ಲಿ ತಾನೂ ಭಾಗವಹಿಸಿದವನು. ತೋಟಗಾರರ ಪ್ರಯೋಜನವು ಅವನ ಕಣ್ಣಿಗೆ ಮೊದಲು ಬೀಳುತ್ತದೆ, ಈ ದೇಶದವರ ವಿಚಾರದಲ್ಲಿ ದೊರೆತನದ ಧೋರಣೆಯೂ ಇದೆ. ಅದನ್ನು ಕಳೆದು ಓದಬೇಕು. ಹಾಗಿದ್ದರೂ ಸರ್ಕಾರದ ವರದಿಯ ಪಕ್ಕದಲ್ಲಿ ಇಂಥ ಎರಡನೆಯ ಸಾಕ್ಷಿಯು ಇರುವುದು ಚರಿತ್ರಕಾರನ ಪುಣ್ಯ. ಸಭೆಯೊಂದಕ್ಕೆ ಒಂದೇ ವರದಿಯಿದ್ದರೆ ಅದನ್ನು ನಂಬಬೇಕು, ಇಲ್ಲವೇ ಬಿಡಬೇಕು, ಎರಡಿದ್ದರೆ ತೂಗಬಹುದು. ಅದೇ ಸಭೆಯಲ್ಲಿ ಕುಳಿತಿದ್ದ ನಮ್ಮ ಸೀಮೆಯ ಪಟೇಲನೊಬ್ಬನು ಅಂದಂದಿನ ಮಾತನ್ನು ಅಂದಂದೇ ಕನ್ನಡದಲ್ಲಿ ಗೀಚಿಟ್ಟಿದ್ದರೆ ಎಂಬ ಆಸೆ ಇದರಿಂದ ಹುಟ್ಟುತ್ತದೆ. ಒಡನೆಬರಹದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಅತ್ಯಂತ ಬಲವಾದದ್ದೆಂದು ನನ್ನ ಎಣಿಕೆ: ವರದಿ ಬರೆಯುವ ಅಧಿಕಾರವನ್ನು ಅದು ಸಭೆ ಕರೆದವರ ಕೈಯಿಂದ ಸಭೆಗೆ ಬಂದವರ ಕೈಗೆ ದಾಟಿಸುತ್ತದೆ.

ಸಾಹಿತ್ಯಸಮ್ಮೇಳನಗಳಲ್ಲಿಯೂ ಇದೇ ಕೊರತೆ. 1915ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲನೆಯದು ಸೇರಿತು. ಐದನೆಯದು 1919ರಲ್ಲಿ ನಮ್ಮ ಹಾಸನದಲ್ಲಿಯೇ, ಕರ್ಪೂರ ಶ್ರೀನಿವಾಸರಾಯರ ಅಧ್ಯಕ್ಷತೆಯಲ್ಲಿ. ಅಧ್ಯಕ್ಷಭಾಷಣಗಳು ಗ್ರಂಥರೂಪದಲ್ಲಿ ಉಳಿದಿವೆ. ಅವನ್ನು ಕೇಳಿ ಎದ್ದುನಿಂತು ಅಡ್ಡಪ್ರಶ್ನೆ ಹಾಕಿದವರ ಮಾತು, ಬಿಡಾರದಲ್ಲಿ ರಾತ್ರಿ ನಡೆದ ವಾದ, ಇವು ಬಹುಮಟ್ಟಿಗೆ ಗಾಳಿಗೆ ಹೋದುವು. ಕನ್ನಡವು ಒಂದುಗೂಡಬೇಕೆಂಬ ಆಸೆಯಿಂದ ನಾಲ್ಕು ಆಡಳಿತಗಳ ಸೀಮೆಯಿಂದ ಬಂದವರು ಒಬ್ಬರೊಬ್ಬರ ಕನ್ನಡವನ್ನು ಕೇಳಿದಾಗ ಏನೆಂದುಕೊಂಡರೆಂಬುದನ್ನು ಅಚ್ಚಾದ ಭಾಷಣದಿಂದ ತಿಳಿಯುವುದು ಹೇಗೆ?

ಬರೆಯುವ ಕೈಯಲ್ಲಿಯೂ ಎರಡು ಜಾತಿ. ಸ್ವಾಮಿ ವಿವೇಕಾನಂದರ ಭಾಷಣಗಳು ನಮಗೆ ದೊರೆತಿರುವುದು ಬಹುಪಾಲು ಜೆ. ಜೆ. ಗುಡ್‌ವಿನ್ ಎಂಬ ಶೀಘ್ರಲಿಪಿಕಾರನಿಂದ. 1895ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಅವನನ್ನು ಸಂಬಳಕ್ಕೆ ಗೊತ್ತುಮಾಡಿದರು; ಅವನು ಸಂಬಳವನ್ನು ಬಿಟ್ಟು ಶಿಷ್ಯನಾಗಿ, ಸ್ವಾಮಿಗಳ ಸಂಗಡ ಇಂಡಿಯಾಕ್ಕೆ ಬಂದು, 1898ರಲ್ಲಿ ಊಟಿಯಲ್ಲಿ ತೀರಿಕೊಂಡನು. ಅವನ ಕಿವಿಗೂ ಕೈಗೂ ನಡುವೆ ಎಡೆಯಿರಲಿಲ್ಲ. ಶ್ರೀರಾಮಕೃಷ್ಣರ ಮಾತುಗಳನ್ನು ಉಳಿಸಿದ ಮಹೇಂದ್ರನಾಥ ಗುಪ್ತರು ಎದುರಿನಲ್ಲಿ ಕುಳಿತು ಬರೆದವರಲ್ಲ. ಮನೆಗೆ ಹೋಗಿ ದಿನಚರಿಯಲ್ಲಿ ಗುರುತುಹಾಕಿಕೊಂಡು, ಅವನ್ನು ಮನನಮಾಡಿ, 1902ರಿಂದ ಮೂವತ್ತು ವರ್ಷಗಳ ಅವಧಿಯಲ್ಲಿ ಐದು ಸಂಪುಟಗಳಾಗಿ ಕಥಾಮೃತವನ್ನು ಪ್ರಕಟಿಸಿದರು. ಇಬ್ಬರೂ ಪ್ರಾಮಾಣಿಕರೇ. ಈ ಇಬ್ಬರಲ್ಲಿ ಯಾರೂ ಮಾಡದ ಕೆಲಸವೊಂದನ್ನು ಇಂದಿನ ಒಡನೆಬರಹಗಾರನು ಮಾಡಬೇಕಾಗಿದೆ. ಗುಡ್‌ವಿನ್ ಒಡನೆ ಬರೆದನು, ಆದರೆ ಸಾರಸಂಗ್ರಹ ಮಾಡಲಿಲ್ಲ. ಗುಪ್ತರು ಆರಿಸಿ ಸಂಗ್ರಹಿಸಿದರು, ಆದರೆ ಒಡನೆ ಪ್ರಕಟಿಸಲಿಲ್ಲ. ಕೇಳುವುದು, ಸಾರ ತೆಗೆಯುವುದು, ಪ್ರಕಟಿಸುವುದು ಈ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡುವವನು ಯಾವುದಾದರೊಂದರಲ್ಲಿ ಎಡವುವುದು ಸಹಜ.

ಎಡವುವುದಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ಕಾರಣವಿದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ. ನಿಷೇಧವೂ ಅದರೊಡನೆಯೇ ಬರುತ್ತದೆ. ‘ಈ ಕಾವ್ಯವು ಹತ್ತನೆಯ ಶತಮಾನಕ್ಕಿಂತ ಈಚಿನದೆಂದು, ಭಾಷೆಯ ಆಧಾರದಿಂದಲೂ ಛಂದಸ್ಸಿನ ಆಧಾರದಿಂದಲೂ ಅನೇಕರು ಸಾಧಿಸಿರುವುದನ್ನು’ ಎನ್ನುವವರೆಗೆ ಕೇಳಿ ಬರೆದುಕೊಂಡವನು, ‘ಒಪ್ಪತಕ್ಕದ್ದಲ್ಲ’ ಎಂಬ ಕಡೆಯ ಪದ ಬರುವಾಗ ಹಿಂದಿನದನ್ನು ಕಳುಹಿಸುವುದರಲ್ಲಿ ಮಗ್ನನಾಗಿರುತ್ತಾನೆ. ವಾಕ್ಯಕ್ಕೆ ಹೇಳಿದ್ದೇ ಇಡೀ ಉಪನ್ಯಾಸಕ್ಕೂ ಸಲ್ಲುತ್ತದೆ. ನಮ್ಮ ಶಾಸ್ತ್ರಪದ್ಧತಿಯಲ್ಲಿ ಪೂರ್ವಪಕ್ಷವನ್ನು ಮೊದಲು ಹೇಳಬೇಕು. ಅದೂ ಎದುರಾಳಿಯು ತಾನೇ ಹೇಳುವುದಕ್ಕಿಂತ ಚೆನ್ನಾಗಿ ಹೇಳಬೇಕು. ಸಿದ್ಧಾಂತವು ಆಮೇಲೆ. ಪೂರ್ವಪಕ್ಷವನ್ನು ಬಲವಾಗಿ ಮಂಡಿಸುವುದು ಸಂಪ್ರದಾಯವನ್ನು ಬಲ್ಲ ವಿದ್ವಾಂಸನ ಗುಣ. ಅಂಥವನಿಗೇ ಒಡನೆಬರಹದಿಂದ ಹೆಚ್ಚು ಅಪಾಯ.

ಇದನ್ನು ನಾನು ಗ್ರಂಥದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಹಳಗನ್ನಡವನ್ನು ಕುರಿತ ಎರಡು ದಿನದ ಗೋಷ್ಠಿಯೊಂದಕ್ಕೆ ಹೋಗಿದ್ದೆನು. ಹಿಂದೆ ನನಗೆ ಮಿತ್ರರಿಂದಾದ ಉಪಕಾರವನ್ನು ನೆನೆದು, ಬರಲಾಗದವರಿಗಾಗಿ ನಾನೂ ಒಡನೊಡನೆ ಬರೆಯುತ್ತಿದ್ದೆನು. ವಯೋವೃದ್ಧರಾದ ವಿದ್ವಾಂಸರೊಬ್ಬರು ಕವಿರಾಜಮಾರ್ಗದ ಕರ್ತೃತ್ವದ ಮೇಲೆ ಮಾತನಾಡಿದರು. ಈ ಪತ್ರಿಕೆಯ ವಾಚಕರಿಗೆ ಆ ವಿಚಾರವು ಗೊತ್ತಿದ್ದುದೇ: ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚುಹಾಕಿಸಿದಾಗ ನೃಪತುಂಗನ ಕೃತಿಯೆಂದರು. ನೃಪತುಂಗನು ಸಮ್ಮತಿಸಿದ್ದೆಂದು ಗ್ರಂಥವೇ ಹೇಳುವುದರಿಂದ ಬರೆದವನು ಬೇರೆಯವನಿರಬೇಕೆಂಬ ವಾದ ಬೆಳೆದು, 1968ರಲ್ಲಿ ಎಂ. ವಿ. ಸೀತಾರಾಮಯ್ಯನವರು ಶ್ರೀವಿಜಯನ ಹೆಸರಿನಲ್ಲಿಯೇ ಅದನ್ನು ಸಂಪಾದಿಸಿದರು. ಆ ಹಿರಿಯರು ಅರ್ಧಗಂಟೆಯ ಕಾಲ ನೃಪತುಂಗನ ಪಕ್ಷವನ್ನು ಎತ್ತಿಹಿಡಿದು ಮಾತನಾಡಿದರು. ಅಷ್ಟು ಚೆನ್ನಾಗಿ ಆ ಪಕ್ಷವನ್ನು ಹೇಳಿದವರನ್ನು ನಾನು ಕೇಳಿಲ್ಲ. ಕರ್ತೃವು ನೃಪತುಂಗನೇ ಎಂಬುದಕ್ಕೆ ಇವರು ಹೊಸ ಆಧಾರಗಳನ್ನು ಕೊಡುತ್ತಿದ್ದಾರೆ ಎಂದು ಬರೆದು, ಆಧಾರಗಳನ್ನೂ ಸಂಕ್ಷೇಪವಾಗಿ ಬರೆದು ಕಳುಹಿಸಿದೆನು. ಅಷ್ಟರಲ್ಲಿ ಹೆತ್ತೂರಿನ ಕಡೆಯ ಬಸ್ಸಿನ ಹೊತ್ತಾಯಿತು. ಭಾಷಣದ ದಿಕ್ಕು ತಿಳಿಯಿತೆಂಬ ಧೈರ್ಯದಿಂದ ಎದ್ದುಬಿಟ್ಟೆನು. ಘಾಟಿಯ ದಾರಿಯಲ್ಲಿ ಫೋನು ಮೂಕವಾಯಿತು.

ಉತ್ತರಾರ್ಧದಲ್ಲಿ ಅವರು ಆ ಆಧಾರಗಳನ್ನು ಒಂದೊಂದಾಗಿ ಮುರಿದು ಹಾಕಿದರೆಂದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಅಷ್ಟರೊಳಗೆ ನನ್ನ ಟಿಪ್ಪಣಿಯು ಊರೂರು ಸುತ್ತಿತ್ತು. ಮುದುಕರು ನೂರಿಪ್ಪತ್ತು ವರ್ಷದ ಹಿಂದಕ್ಕೆ ಹೋದರೆಂದು ಒಬ್ಬರು, ರಾಜಭಕ್ತಿ ಇನ್ನೂ ಹೋಗಿಲ್ಲವೆಂದು ಇನ್ನೊಬ್ಬರು, ಅವರ ಶಿಷ್ಯರಾಗಿದ್ದವರೇ ಒಬ್ಬರು ಇನ್ನೂ ಕಟುವಾಗಿ. ನಾನು ಕೂಡಲೆ ತಿದ್ದುಪಡಿ ಬರೆದೆನು. ಅದನ್ನು ಓದಿದವರು ಮೊದಲನೆಯದನ್ನು ಓದಿದವರ ಹತ್ತರಲ್ಲೊಂದು ಪಾಲೂ ಇರಲಾರರು. ಕ್ಷಮೆ ಕೇಳಲು ಅವರಿಗೆ ಫೋನು ಮಾಡಿದೆನು. ಸಿಟ್ಟು ಮಾಡಲಿಲ್ಲ. “ಮೇಷ್ಟರೇ, ನೀವು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅದು ನನ್ನ ಮಾತಲ್ಲ, ಅಷ್ಟೇ” ಎಂದರು. ಆ ಮೇಲೆ ಅವರು ಯಾವ ಸಭೆಯಲ್ಲಿಯೂ ಬಾಯಿಮಾತಿನಲ್ಲಿ ಉಪನ್ಯಾಸ ಮಾಡಿದ್ದನ್ನು ನಾನು ಕಂಡಿಲ್ಲ; ಬರೆದು ತಂದದ್ದನ್ನು ಓದಿ ಕುಳಿತುಬಿಡುತ್ತಾರೆ. ಓದುವ ಪ್ರಬಂಧದಲ್ಲಿ ಪೂರ್ವಪಕ್ಷವು ಎರಡು ಸಾಲಿಗೆ ಇಳಿದಿದೆ. ಕನ್ನಡದ ಸಭೆಗಳಿಗೆ ಇದರಿಂದ ಆದ ನಷ್ಟವನ್ನು ನಾನು ಒಬ್ಬನೇ ಮಾಡಿದೆನೆಂದು ಹೇಳಿಕೊಳ್ಳುವುದು ಅಹಂಕಾರವಾದೀತು. ಆದರೆ ಅದರಲ್ಲಿ ನನ್ನ ಪಾಲುಂಟು.

ಇಂಥ ಭಯವು ನಮಗೇ ವಿಶಿಷ್ಟವಾದದ್ದಲ್ಲ. ಲಂಡನ್ನಿನ ಚಾಥಮ್ ಹೌಸಿನವರು 1927ರಲ್ಲಿಯೇ, ಸಭೆಯಲ್ಲಿ ಕೇಳಿದ್ದನ್ನು ಉಪಯೋಗಿಸಬಹುದು, ಹೇಳಿದವರಾರೆಂದು ಮಾತ್ರ ಹೊರಗೆಡಹಕೂಡದು ಎಂದು ಕಟ್ಟಳೆ ಮಾಡಿಕೊಂಡರು. ಅಮೆರಿಕದಲ್ಲಿ 1931ರಿಂದ ನಡೆದುಬಂದಿರುವ ಗಾರ್ಡನ್ ಸಂಶೋಧನ ಸಮ್ಮೇಳನಗಳಲ್ಲಿ ಇದಕ್ಕಿಂತ ಬಿಗಿ: ಅಲ್ಲಿ ಆಡಿದ್ದನ್ನು ಆಡಿದವರ ಅಪ್ಪಣೆಯಿಲ್ಲದೆ ಹೊರಗೆ ಉದಾಹರಿಸುವಂತೆಯೇ ಇಲ್ಲ. ಅಪಕ್ವವಾದ ವಿಚಾರವನ್ನು ಧೈರ್ಯವಾಗಿ ಹೇಳುವುದಕ್ಕೆ ಒಂದು ಮರೆ ಬೇಕೆಂಬುದು ಅವರ ಅಭಿಪ್ರಾಯ. 2009ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಶಾಲೆಯ ಸಮ್ಮೇಳನವೊಂದರಲ್ಲಿ ಈ ಪ್ರಶ್ನೆಯು ಈಗಿನ ರೂಪದಲ್ಲಿಯೇ ಎದ್ದಿತು. ಪತ್ರಿಕೆಯ ವರದಿಗಾರರು ಭಾಷಣಕಾರರ ಒಪ್ಪಿಗೆ ಪಡೆದೇ ಬರೆಯಬೇಕೆಂಬ ನಿಯಮ ಅಲ್ಲಿ ಮೊದಲೇ ಇದ್ದಿತು; ಸಭಿಕನಾಗಿ ಬಂದ ವಿಜ್ಞಾನಿಯೊಬ್ಬನು ಯಾರನ್ನೂ ಕೇಳದೆ ಒಡನೊಡನೆ ಬರೆದನು; ನಮಗಿರುವ ಕಟ್ಟು ಅವನಿಗೇಕಿಲ್ಲವೆಂದು ಪತ್ರಿಕೆಯವರು ಕೇಳಿದರು. ಪ್ರಯೋಗಶಾಲೆಯವರು ಒಡನೆಬರಹವನ್ನು ನಿಷೇಧಿಸಲಿಲ್ಲ. ಬರೆಯುವವರು ಯಾರೇ ಆಗಲಿ ಭಾಷಣಕಾರರನ್ನು ಕೇಳಿ ಬರೆಯಲಿ ಎಂದು ನಿಯಮವನ್ನು ಎಲ್ಲರಿಗೂ ಹಬ್ಬಿಸಿದರು. ಇದು ನನಗೆ ವಿವೇಕವಾಗಿ ಕಾಣುತ್ತದೆ.

ಶಾಸನ ಹುಡುಕುವವರ, ಓಲೆಗರಿ ಓದುವವರ ಚಿಂತೆ ಮತ್ತೊಂದು. ಬೆಟ್ಟ ಹತ್ತಿ, ಬಿದಿರುಮೆಳೆ ಕಡಿದು, ಜಿಗಣೆ ಕಚ್ಚಿಸಿಕೊಂಡು ಅಚ್ಚೆತ್ತಿದ ಹೊಸ ಶಾಸನವೊಂದನ್ನು ತರುಣನೊಬ್ಬನು ಸಭೆಯಲ್ಲಿ ತೋರಿಸುತ್ತಾನೆ. ಅದರ ಪಾಠವು ಸಂಜೆಯೊಳಗೆ ಎಲ್ಲರ ಕೈಯಲ್ಲಿರುತ್ತದೆ. ಅವನ ಲೇಖನ ಅಚ್ಚಾಗುವುದರೊಳಗೆ ಇನ್ನೊಬ್ಬರ ಹೆಸರಿನಲ್ಲಿ ಅದು ಹೊರಬರುತ್ತದೆ. ಇದಕ್ಕೆ ಎದುರಾಗಿ, ಒಡನೆಬರಹದಲ್ಲಿ ದಿನವೂ ವೇಳೆಯೂ ನಮೂದಾಗಿರುವುದರಿಂದ ಮೊದಲು ಹೇಳಿದವನಾರೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ ಎನ್ನುವವರಿದ್ದಾರೆ. ವಾದದಲ್ಲಿ ಹುರುಳಿದೆ, ಆದರೆ ಕಳುವಾದ ಮೇಲೆ ಸಾಕ್ಷಿ ಹುಡುಕುವುದಕ್ಕಿಂತ, ಪಾಠವನ್ನೂ ಚಿತ್ರವನ್ನೂ ಕಳುಹಿಸದೆ ವಿಷಯವನ್ನು ಮಾತ್ರ ಬರೆಯುವುದು ಮೇಲು.

ನಮ್ಮ ಸಂಘದಂಥವುಗಳು ಈಗ ಮಾಡಬೇಕಾದ್ದು ಹೆಚ್ಚೇನಿಲ್ಲ. ಉಪನ್ಯಾಸದ ಮೊದಲು ಅಧ್ಯಕ್ಷರು ಭಾಷಣಕಾರರ ಇಷ್ಟವನ್ನು ಕೇಳಿ ಸಭೆಗೆ ತಿಳಿಸಲಿ. ಬೇಡವೆಂದವರ ಮಾತನ್ನು ಬರೆಯದಿರಲಿ. ಬೇಡವೆಂದುದಕ್ಕೆ ಕಾರಣವನ್ನೂ ಕೇಳದಿರಲಿ. ಬರೆಯುವವರು ತಮ್ಮ ಹೆಸರಿನಿಂದಲೇ ಬರೆಯಲಿ, ‘ಇದು ಪೂರ್ವಪಕ್ಷ’ ಎಂಬ ಎರಡು ಪದವನ್ನು ಹಾಕಲು ಮರೆಯದಿರಲಿ, ಪೂರ್ವಪಕ್ಷವೋ ಸಿದ್ಧಾಂತವೋ ಎಂಬ ಸಂದೇಹವಿದ್ದಲ್ಲಿ ಕೈಕಟ್ಟಿ ಕೂರಲಿ. ನಡುವೆ ಎದ್ದುಹೋಗಬೇಕಾದವರು ಬರೆಯಲೇಬಾರದು. ತಿದ್ದುಪಡಿಯನ್ನು ಬೇರೆ ಕಡೆ ಬರೆಯದೆ ತಪ್ಪಿದ್ದಲ್ಲಿಯೇ, ತಪ್ಪಿನ ತಲೆಯ ಮೇಲೆಯೇ ಬರೆಯಲಿ. ಮೇಲಾಗಿ, ಸಂಘವು ತನ್ನ ಪ್ರಬಂಧಸಂಪುಟವನ್ನು ಒಂದು ವರ್ಷದೊಳಗೆ ಅಚ್ಚುಹಾಕಿಸುವುದಾದರೆ, ಒಡನೆಬರಹದ ಹಸಿವು ಅರ್ಧ ತಾನಾಗಿಯೇ ಅಡಗುತ್ತದೆ. ದೂರದವರು ಟಿಪ್ಪಣಿಗೆ ಬಾಯಿಬಿಡುವುದು ಊಟ ತಡವಾದ್ದರಿಂದ. ಇವನ್ನೆಲ್ಲ ಬಿಟ್ಟು ಬಾಗಿಲಲ್ಲಿ ಫೋನುಗಳನ್ನು ಕಿತ್ತಿಡುವ ಸಲಹೆಯನ್ನು ಕೆಲವರು ಮುಂದಿಡುತ್ತಿದ್ದಾರೆ. ಅವರಿಗೆ 1738ರ ನಿರ್ಣಯವನ್ನೂ ಜಾನ್ಸನ್ನನ ಕೋಣೆಯನ್ನೂ ನೆನಪುಮಾಡುತ್ತೇನೆ. ಮಳೆಗಾಲದಲ್ಲಿ ಒಂದು ಸಲ ಹೆತ್ತೂರಿಗೆ ಬಂದು ಆ ತಿರುವಿನಲ್ಲಿ ನಿಂತು ನೋಡಬೇಕೆಂದೂ ಕೇಳಿಕೊಳ್ಳುತ್ತೇನೆ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂ.ಎ. ತರಗತಿಗೆ ಬರೆದ ಪ್ರಬಂಧವನ್ನು ನೋಡಿಕೊಡಿರೆಂದು ತಂದಳು. ಕವಿರಾಜಮಾರ್ಗದ ಮೇಲೆ, ಚೆನ್ನಾಗಿಯೇ ಬರೆದಿದ್ದಳು. ಈ ಕೃತಿ ನೃಪತುಂಗನದೇ ಎಂದು ಈಚೆಗೆ ವಾದಿಸಿರುವವರಲ್ಲಿ ಆ ಹಿರಿಯರ ಹೆಸರನ್ನು ಸೇರಿಸಿ, ದಿನವನ್ನೂ ವೇಳೆಯನ್ನೂ ಸರಿಯಾಗಿ ನಮೂದಿಸಿದ್ದಳು. ನಾನು ಕೆಂಪುಶಾಯಿಯಿಂದ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ‘ಇದು ಅವರು ಖಂಡಿಸಿದ ಪಕ್ಷ’ ಎಂದು ಬರೆದೆನು. ಅವಳು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಕೋಚದಿಂದ ಕೇಳಿದಳು: “ಆ ಟಿಪ್ಪಣಿ ಬರೆದವರು ನೀವೇ ಅಲ್ಲವೇ, ಸಾರ್?”